ಕೊಪ್ಪರಿಗೆಯ ಹುಟ್ಟು

ಆ ವರ್ಷ ವಿಸ್ಕಾನ್ಸಿನ್‌ನಲ್ಲಿ ಜನರೇ ಆರಿಸುವ ಗವರ್ನರನ ಕುರ್ಚಿ ಖಾಲಿಯಾಯಿತು. ಎರಡು ಅವಧಿ ಕೂತಿದ್ದವನು ಇನ್ನು ಸಾಕು, ಮೊಮ್ಮಕ್ಕಳ ಜೊತೆ ಮೀನು ಹಿಡಿದುಕೊಂಡಿರುತ್ತೇನೆ ಎಂದು ಎದ್ದದ್ದೇ ತಡ, ಎರಡೂ ಪಕ್ಷಗಳಲ್ಲಿ ಕಂಡಕಂಡವರಿಗೆಲ್ಲ ಜನಸೇವೆಯ ತುರಿಕೆ ಹತ್ತಿತು. ಕೂತವನನ್ನು ಎಬ್ಬಿಸುವ ಚುನಾವಣೆಯಾದರೆ ಬರೀ ಜಗಳ, ಒಂದಷ್ಟು ಮಾನವಾದರೂ ಉಳಿದಿರುತ್ತದೆ. ಖಾಲಿ ಕುರ್ಚಿಯೆಂದರೆ ಹಾಗಲ್ಲ, ಕರೆಯದ ಊಟಕ್ಕೆ ಎಲೆ ಹಾಸುವ ಮೊದಲೇ ಬಂದು ಮೊಣಕೈ ತಿವಿಯುವವರ ಸಂತೆ ಅದು. ಜೂನ್ ಮುಗಿಯುವ ಹೊತ್ತಿಗೆ ಟಿ.ವಿ. ಹಾಕಿದರೆ ನಾಳೆ ಮಳೆ ಬರುತ್ತದೋ ಇಲ್ಲವೋ ತಿಳಿಯುವ ಮುಂಚೆ ನಾಲ್ಕು ಜನ ಒಬ್ಬರನ್ನೊಬ್ಬರು ಕಳ್ಳ, ಸುಳ್ಳ ಎಂದು ಬೈದು ಮುಗಿಸಿರುತ್ತಿದ್ದರು. ಅಂಚೆ ಡಬ್ಬಿಯ ತುಂಬ ಅವರದೇ ಮುಖಗಳು. ಲೊರೇನ್ ಡೆಲ್ಫಾಸ್ ಆ ಹೊಳೆಯುವ ಕಾಗದಗಳನ್ನು ಓದುವ ಗೋಜಿಗೇ ಹೋಗದೆ ಹಿತ್ತಲಿನ ಕಸ ಸುಡುವ ಪೀಪಾಯಿಗೆ ಹಾಕುತ್ತಿದ್ದಳು. ಅವು ನೆಟ್ಟಗೆ ಉರಿಯುತ್ತಲೂ ಇರಲಿಲ್ಲ, ಹಸಿರು ಹೊಗೆ ಬಿಟ್ಟು ನಾರುತ್ತಿದ್ದವು.

ಲೊರೇನಳಿಗೆ ಎಪ್ಪತ್ತು ದಾಟಿತ್ತು. ಗಂಡ ಕ್ಲೆಮ್ ಏಪ್ರಿಲ್‌ನಲ್ಲಿ ತೀರಿಹೋಗಿದ್ದ. ಮಾರ್ಲೆ ಎಂಬ ಅವರ ಊರು ಬೆಲ್ಜಿಯಂನಿಂದ ಬಂದವರ ಮೊಮ್ಮಕ್ಕಳ ಊರು. ಅಲ್ಲಿ ಕ್ಲೆಮ್‌ನನ್ನು ಒಳ್ಳೆಯ ಹೈನುಗಾರ ಎಂದು ನೆನೆಯುವವರಿಗಿಂತ ಕೊಪ್ಪರಿಗೆಯ ಯಜಮಾನ ಎಂದು ನೆನೆಯುವವರೇ ಹೆಚ್ಚು. ಪ್ರತಿ ಆಗಸ್ಟ್‌ನಲ್ಲಿ ಸೇಂಟ್ ಒಡೀಲ್ ಚರ್ಚಿನ ಅಂಗಳದಲ್ಲಿ ಹಬ್ಬದೂಟ. ಆಳು ಇಳಿದು ಕೂರಬಹುದಾದಷ್ಟು ದೊಡ್ಡ ಎರಡು ಕೊಪ್ಪರಿಗೆಗಳಲ್ಲಿ ಕೋಳಿ, ದನದ ಬಾಲ, ಎಲೆಕೋಸು, ಆಲೂಗಡ್ಡೆ, ಬಟಾಣಿ ಎಲ್ಲ ಹಾಕಿ ಸೌದೆಯ ಬೆಂಕಿಯಲ್ಲಿ ಕುದಿಸಿ ಕುದಿಸಿ ಮಾಡುವ ಬೂಯಾ. ಮೂಳೆಯಿಂದ ಮಾಂಸ ತಾನಾಗಿ ಬಿಟ್ಟುಕೊಳ್ಳುವವರೆಗೆ ತೊಳಸುತ್ತಲೇ ಇರಬೇಕು. ತೊಳಸುವುದಕ್ಕೆ ದೋಣಿಯ ಹುಟ್ಟಿನಂಥ ಉದ್ದನೆಯ ಮರದ ಹುಟ್ಟು. ದೊಡ್ಡ ಕೊಪ್ಪರಿಗೆಯ ಹುಟ್ಟನ್ನು ಕ್ಲೆಮ್‌ನ ಅಜ್ಜ ಮೇಪಲ್ ಮರದಲ್ಲಿ ಕೆತ್ತಿದ್ದ. ಕೊಬ್ಬು ಕುಡಿದು ಕುಡಿದು ಅದು ಕಪ್ಪಗೆ ಮಿರುಗುತ್ತಿತ್ತು.

ಅದನ್ನು ಯಾರು ಬೇಕಾದರೂ ಮುಟ್ಟುವಂತಿರಲಿಲ್ಲ. ಯಜಮಾನ ಸತ್ತರೆ ಮುಂದಿನ ಹಬ್ಬದ ದಿನ, ಮೊದಲ ಬಟ್ಟಲು ಬಡಿಸುವ ಮುಂಚೆ, ಅವನ ಹೆಂಡತಿ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಪ್ಪರಿಗೆಯ ಪಕ್ಕದಲ್ಲಿ ನಿಲ್ಲುತ್ತಾಳೆ. ಅಲ್ಲಿಯವರೆಗೆ ನೆಂಟರಿಷ್ಟರು ಸರದಿಯ ಮೇಲೆ ತೊಳಸುತ್ತಾರೆ. ಗಂಡಸರು ಟೋಪಿ ತೆಗೆಯುತ್ತಾರೆ. ಯಾರೂ ಮಾತಾಡುವುದಿಲ್ಲ. ಅವಳು ಯಾರ ಕೈಗೆ ಕೊಟ್ಟಳೋ ಅವನೇ ಇನ್ನು ಮೇಲೆ ಯಜಮಾನ. ತೆಗೆದುಕೊಂಡವನು ಕೊಪ್ಪರಿಗೆಯ ತಳ ಕಾಣುವವರೆಗೆ ಅಲ್ಲಿಂದ ಕದಲಬಾರದು. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಕಸಿದುಕೊಂಡ ದಾಖಲೆ ಆ ಊರಿನಲ್ಲಿ ಇರಲಿಲ್ಲ.

ಎರಡನೆಯ ಕೊಪ್ಪರಿಗೆಯನ್ನು ನೋಡಿಕೊಳ್ಳುತ್ತಿದ್ದವನು ಕ್ಲೆಮ್‌ನ ತಮ್ಮ ನಾರ್ಬ್. ಬೇಲಿಯ ಆಚೆಗೇ ಅವನ ಮನೆ, ಅವನ ಹೊಲ. ಹಿಂದಿನ ಸಲದ ಗವರ್ನರ್ ಚುನಾವಣೆಯಲ್ಲಿ ನಾರ್ಬ್ ತನ್ನ ಪಕ್ಷದ ಬೋರ್ಡನ್ನು ತಂದು ಅಣ್ಣನ ಅಡುಗೆಮನೆ ಕಿಟಕಿಗೆ ನೆಟ್ಟಗೆ ಕಾಣುವ ಹಾಗೆ ಬೇಲಿಗೆ ನೆಟ್ಟ. ಕ್ಲೆಮ್ ಬೇರೆ ಪಕ್ಷದವನು. ಎರಡು ದಿನ ಹಲ್ಲು ಕಚ್ಚಿದ. ಮೂರನೆಯ ದಿನ ಗೊಬ್ಬರ ಎರಚುವ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಬೇಲಿಯ ಪಕ್ಕ ನಿಧಾನವಾಗಿ ಹೋದ. ಅಭ್ಯರ್ಥಿಯ ಮೂಗು ಬಾಯಿ ಎಲ್ಲ ಸಗಣಿಯಾಯಿತು. ನಾರ್ಬ್ ಒಡಹುಟ್ಟಿದ ಅಣ್ಣನ ಮೇಲೆ ಶೆರಿಫ್‌ನ ಪೊಲೀಸನನ್ನು ಕರೆಸಿದ. ಅಷ್ಟೇ, ಮಾತು ನಿಂತಿತು. ಆಮೇಲಿನ ನಾಲ್ಕೂ ಹಬ್ಬಗಳಲ್ಲಿ ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು ತಮ್ಮತಮ್ಮ ಕೊಪ್ಪರಿಗೆ ತೊಳಸಿದರು. ಬಡಿದಾಡಿಸಿದ ಆ ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬನಿಗೂ ಮಾರ್ಲೆ ಎಂಬ ಊರು ಭೂಮಿಯ ಮೇಲಿದೆ ಎಂಬುದೇ ಗೊತ್ತಿರಲಿಲ್ಲ. ಅದನ್ನು ನೆನೆಸಿಕೊಂಡಾಗಲೆಲ್ಲ ಲೊರೇನಳಿಗೆ ಅಸಹ್ಯವಾಗುತ್ತಿತ್ತು.

ಆಸ್ಪತ್ರೆಯಲ್ಲಿ, ಕೊನೆಯ ವಾರ, ಕ್ಲೆಮ್ ಅವಳ ಕೈ ಹಿಡಿದುಕೊಂಡು ಹೇಳಿದ್ದ.

“ಹುಟ್ಟು ನಾರ್ಬ್‌ಗೆ ಕೊಡು. ಸಿಟ್ಟಿಲ್ಲ ಅಂತ ಹೇಳು ಅವನಿಗೆ. ಸಗಣಿ ಹಾಕಿದ್ದು ಮಾತ್ರ ಚೆನ್ನಾಗಿತ್ತು ಅಂತಾನೂ ಹೇಳು.”

ನಕ್ಕಿದ್ದ. ಆಮೇಲೆ ಅವನು ಅಷ್ಟು ಉದ್ದ ಮಾತಾಡಲೇ ಇಲ್ಲ. ಚರ್ಚಿನಲ್ಲಿ ಶವದ ಪೆಟ್ಟಿಗೆ ಇಟ್ಟ ದಿನ ನಾರ್ಬ್ ಬಂದು ಎಲ್ಲರಿಗಿಂತ ಹಿಂದೆ ನಿಂತಿದ್ದು, ಊಟಕ್ಕೂ ಇರದೆ ಹೊರಟುಹೋದ.

ಈ ಮಾತನ್ನು ಲೊರೇನ್ ಯಾರಿಗೂ ಹೇಳಲಿಲ್ಲ. ಆಗಸ್ಟ್‌ನ ಹಬ್ಬಕ್ಕೆಂದು ಎತ್ತಿಟ್ಟುಕೊಂಡಳು. ಊರಿನ ಎದುರು ಆದ ಜಗಳ ಊರಿನ ಎದುರೇ ಮುಗಿಯಬೇಕು ಎಂಬುದು ಅವಳ ಲೆಕ್ಕ. ಎಲ್ಲರೂ ಟೋಪಿ ತೆಗೆದು ನಿಂತಿರುವಾಗ ತಾನು ಹುಟ್ಟನ್ನು ನಾರ್ಬ್‌ನ ಕೈಗೆ ಕೊಡುವುದು, ಅವನು ಬೆಕ್ಕಸಬೆರಗಾಗುವುದು, ಕ್ಲೆಮ್ ಹೇಳಿದ್ದನ್ನು ತಾನು ಅವನ ಕಿವಿಯಲ್ಲಿ ಹೇಳುವುದು, ಇದನ್ನೆಲ್ಲ ಬೇಸಿಗೆಯುದ್ದಕ್ಕೂ ಪಾತ್ರೆ ತೊಳೆಯುತ್ತಾ ಮನಸ್ಸಿನಲ್ಲೇ ಆಡಿ ನೋಡಿದ್ದಳು. ಅದಕ್ಕಾಗಿ ನೀಲಿಯ ಹೊಸದೊಂದು ಉಡುಪನ್ನೂ ಕೊಂಡಿದ್ದಳು.

ಹಬ್ಬದ ಭಾನುವಾರ ಬೆಳಗಿನ ಪೂಜೆ ಮುಗಿಸಿ ಅಂಗಳಕ್ಕೆ ಬಂದಾಗ ಕಡುಬಿನ ಮೇಜಿನ ಹಿಂದಿನಿಂದ ಬರ್ನೀಸ್ ಕೂಗಿದಳು. ಅವಳು ಲೊರೇನಳ ಶಾಲೆಯ ಗೆಳತಿ, ಬಾಯಿಬಡುಕಿ.

“ಏನೇ ಲೊರೇನ್, ಹೊಸ ಬಟ್ಟೆ! ಯಾರನ್ನ ಮರುಳು ಮಾಡೋಕೆ ಹೊರಟಿದೀಯ?”

“ನಿನ್ನ ಗಂಡನ್ನ. ಎಲ್ಲಿ, ಕಾಣಿಸ್ತಿಲ್ಲ?”

“ಕರ್ಕೊಂಡ್ಹೋಗು ತಾಯಿ, ಪುಣ್ಯ ಬರುತ್ತೆ. ಗೊರಕೆ ಸಮೇತ ಕೊಡ್ತೀನಿ. ಅದಿರ್ಲಿ, ಹುಟ್ಟು ಯಾರಿಗೆ?”

“ನೋಡ್ತಾ ಇರು.”

“ಹೇಳೇ, ಯಾರಿಗೂ ಹೇಳಲ್ಲ.”

“ನೀನಾ? ಹೇಳಲ್ವಾ?” ಎಂದು ಲೊರೇನ್ ನಕ್ಕು ಮುಂದೆ ಹೋದಳು.

ಫಾದರ್ ಡೋಲನ್ ಸಪ್ಪೆ ಮೋರೆ ಹಾಕಿಕೊಂಡು ಎದುರಾದರು. ಹಬ್ಬಕ್ಕೆ ಅಭ್ಯರ್ಥಿಗಳು ಬರುವುದು ಹೊಸದೇನಲ್ಲ. ಬಂದು ಹುಟ್ಟಿನ ಪಕ್ಕ ಹಲ್ಲು ಕಿರಿದು ಹೋಗುತ್ತಿದ್ದರು. ಈ ಸಲ ಆರು ಜನ ಬರುತ್ತೇವೆಂದು ಹೇಳಿಕಳಿಸಿದ್ದಾರಂತೆ.

“ಎಲ್ಲರಿಗೂ ಮಧ್ಯಾಹ್ನದ ಮೇಲೆ ಬನ್ನಿ ಅಂದಿದೀನಿ ಲೊರೇನ್. ಭಾಷಣ ಬೇಡ ಅಂತಾನೂ ಹೇಳಿದೀನಿ. ನಿಮ್ಮ ಕೆಲಸ ಅಷ್ಟರಲ್ಲಿ ಮುಗಿದಿರುತ್ತೆ.”

“ಆರು ಜನಾನಾ? ಬೂಯಾ ಉಳಿಯುತ್ತಾ ಫಾದರ್?”

“ಅವರು ತಿನ್ನಲ್ಲ ಬಿಡಿ. ಫೋಟೋಗೆ ಬಾಯಿ ತೆಗೀತಾರೆ ಅಷ್ಟೇ,” ಎಂದರು ಫಾದರ್.

ಹೊತ್ತಾಯಿತು. ಕೊಪ್ಪರಿಗೆಯ ಮುಚ್ಚಳ ತೆಗೆದರು. ಹಬೆ ಎದ್ದಿತು. ಮನೆಗೆ ಒಯ್ಯಲು ಪಾತ್ರೆ, ಐಸ್‌ಕ್ರೀಂ ಡಬ್ಬಿ ಹಿಡಿದುಕೊಂಡು ಸಾಲು ನಿಂತಿದ್ದ ಜನ ತಾವಾಗಿಯೇ ಸುಮ್ಮನಾದರು. ಲೊರೇನ್ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮುಚ್ಚಳ ತೆಗೆದಾಗ ಇತ್ತ ಬಾ ಎಂದಷ್ಟೇ ನಾರ್ಬ್‌ಗೆ ಹೇಳಿಕಳಿಸಿದ್ದಳು. ಅವನು ತನ್ನ ಕೊಪ್ಪರಿಗೆ ಬಿಟ್ಟು ಕೈ ಒರೆಸಿಕೊಳ್ಳುತ್ತಾ ಬಂದ. ಟೋಪಿ ತೆಗೆದ. ಬೋಳು ತಲೆ ಬೆವರಿತ್ತು. ಕ್ಲೆಮ್‌ನದೇ ತಲೆ, ಕ್ಲೆಮ್‌ನದೇ ಕಿವಿ. ಅವನಿಗೂ ತನಗೂ ನಡುವೆ ನಾಲ್ಕು ಹೆಜ್ಜೆ ಉಳಿದಿದ್ದಾಗ ಲೊರೇನ್ ಹುಟ್ಟನ್ನು ಮುಂದೆ ಚಾಚಿದಳು.

ಆಗಲೇ ಆ ಬಸ್ಸು ಬಂದು ಹುಲ್ಲಿನ ಮೇಲೆ ನಿಂತದ್ದು. ಬಸ್ಸಿನ ಮೈತುಂಬ ಕ್ರೇಗ್ ಹಾಲ್ವೆಗ್‌ನ ಮುಖ. ಒಂದೊಂದು ಹಲ್ಲೂ ಒಂದೊಂದು ಕಿಟಕಿಯಷ್ಟಿತ್ತು. ಇಪ್ಪತ್ತು ವರ್ಷ ಟಿ.ವಿ.ಯಲ್ಲಿ ದೋಣಿ ಮಾರಿದವನು, ಈಗ ಗವರ್ನರ್ ಆಗಲು ಹೊರಟಿದ್ದ. ಮಧ್ಯಾಹ್ನ ಬಾ ಎಂದರೆ ಬೆಳಿಗ್ಗೆಯೇ ಬಂದಿದ್ದ, ಉಳಿದ ಐವರಿಗಿಂತ ಮುಂಚೆ ಇರಲಿ ಎಂದು. ಕೆಳಗಿಳಿದ. ಹಿಂದೆಯೇ ಕ್ಯಾಮೆರಾದವರು. ಎದುರಿಗೆ ಏನು ಕಂಡಿತು ಅವನಿಗೆ? ಜನ ಟೋಪಿ ತೆಗೆದು ಸಾಲಾಗಿ ನಿಂತಿದ್ದಾರೆ, ನೀಲಿ ಬಟ್ಟೆಯ ಮುದುಕಿಯೊಬ್ಬಳು ಎರಡೂ ಕೈಯಲ್ಲಿ ಏನನ್ನೋ ಮುಂದಕ್ಕೆ ಚಾಚಿದ್ದಾಳೆ. ಅಂಥವರಿಗೆ ಜಗತ್ತಿನಲ್ಲಿ ಯಾರು ಏನು ಚಾಚಿದರೂ ತಮಗೇ ಎನಿಸುತ್ತದೆ. ನೆಟ್ಟಗೆ ಬಂದು, ನಾರ್ಬ್‌ನ ಮುಂದೆಯೇ ಹಾದು, ಹುಟ್ಟು ಹಿಡಿದುಕೊಂಡ.

ಲೊರೇನ್ ಬಿಡಬಾರದಿತ್ತು. ಅದು ಅವಳಿಗೂ ಗೊತ್ತು. ಆದರೆ ಮಾರ್ಲೆಯ ಜನ ಮನೆಗೆ ಬೆಂಕಿ ಇಟ್ಟವನಿಗೂ ಕಾಫಿ ಬೇಕೇ ಎಂದು ಕೇಳುವಂಥವರು. ಅತಿಥಿ ಕೈ ಹಾಕಿದ ವಸ್ತುವನ್ನು ಎಳೆದುಕೊಳ್ಳುವುದು ಅಲ್ಲಿ ಯಾರಿಗೂ ಬಾರದ ವಿದ್ಯೆ. ತಪ್ಪಾಯಿತು, ಇದು ನಿಮಗಲ್ಲ ಎನ್ನುವ ಮಾತು ಗಂಟಲವರೆಗೆ ಬಂತು. ಅಷ್ಟರಲ್ಲಿ ಬೆರಳುಗಳು ಸಡಿಲಿದವು. ಹುಟ್ಟು ಅವನ ಕೈಗೆ ಹೋಯಿತು.

ಜನರೆಲ್ಲ ಹಾ ಎಂದು ಉಸಿರೆಳೆದುಕೊಂಡರು. ಆಮೇಲೆ ಯಾರೋ ಒಬ್ಬ ಚಪ್ಪಾಳೆ ತಟ್ಟಿದ. ಅವನನ್ನು ನೋಡಿ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಅಂಗಳವೇ ಚಪ್ಪಾಳೆ ಹೊಡೆಯುತ್ತಿತ್ತು.

ಹಾಲ್ವೆಗ್ ಹುಟ್ಟನ್ನು ಕೊಪ್ಪರಿಗೆಯಲ್ಲಿ ಅದ್ದಿ, ಮೇಲುಮೇಲೆ ಎರಡು ಸಲ ಆಡಿಸಿದ. ತಳ ಮುಟ್ಟಲಿಲ್ಲ. ಕ್ಯಾಮೆರಾದ ಕಡೆ ತಿರುಗಿದ. ಹುಟ್ಟನ್ನು ಮೇಲೆತ್ತಿ, ಅದರ ಅಂಚಿನಿಂದ ಇಳಿಯುತ್ತಿದ್ದ ರಸವನ್ನು ನಾಲಿಗೆ ಚಾಚಿ ನೆಕ್ಕಿದ. ಕೆಳಗಿನಿಂದ ಮೇಲಿನವರೆಗೆ ಉದ್ದಕ್ಕೆ ನೆಕ್ಕಿದ. “ಆಹಾ!” ಎಂದ. ಎಂಜಲು ಹುಟ್ಟನ್ನು ಹಾಗೆಯೇ ಕೊಪ್ಪರಿಗೆಗೆ ಇಳಿಸಿದ.

“ಅಯ್ಯೋ,” ಎಂದಳು ಬರ್ನೀಸ್. ಪಕ್ಕದವನು, “ಕುದಿಯೋದ್ರಲ್ಲಿ ಎಲ್ಲಾ ಸಾಯುತ್ತೆ ಬಿಡು,” ಎಂದ.

ಹಾಲ್ವೆಗ್ ನಾರ್ಬ್‌ನ ಕೈ ಹಿಡಿದು ಕುಲುಕಿದ. ಅವನ ಕಡೆಯವರು ಯಾರೋ ಅವನ ಕಿವಿಯಲ್ಲಿ ಏನೋ ಉಸುರಿದರು.

“ಓಹೋ, ಹೈವೇ ಪಕ್ಕ ನಮ್ಮ ದೊಡ್ಡ ಬೋರ್ಡ್ ಹಾಕಿರೋದು ನೀವೇ ತಾನೆ? ನಿಮ್ಮಂಥೋರೇ ನಮ್ಮ ಬೆನ್ನೆಲುಬು ಕಣ್ರೀ!”

ನಾರ್ಬ್ ಅವನನ್ನು ನೋಡಲಿಲ್ಲ. ಲೊರೇನಳನ್ನು ನೋಡಿದ. ಟೋಪಿ ಹಾಕಿಕೊಂಡ.

“ಒಳ್ಳೇ ಯಜಮಾನನ್ನೇ ಹುಡುಕಿದೀಯ ಬಿಡು,” ಎಂದ.

“ನಾರ್ಬ್, ನಿಲ್ಲೋ, ಹಾಗಲ್ಲ—”

ಅಷ್ಟರಲ್ಲಿ ಹಾಲ್ವೆಗ್‌ನ ತೋಳು ಅವಳ ಹೆಗಲ ಮೇಲೆ ಬಿತ್ತು. ಕ್ಯಾಮೆರಾ ಮುಖದ ಹತ್ತಿರ ಬಂತು. ಲೊರೇನ್ ನಕ್ಕಳು. ಕ್ಯಾಮೆರಾ ಎದುರಿದ್ದರೆ ನಗಬೇಕೆಂದು ಚಿಕ್ಕಂದಿನಿಂದ ಕಲಿತದ್ದು, ಆ ಹೊತ್ತಿನಲ್ಲೂ ಕೈಕೊಡಲಿಲ್ಲ. ನಗುತ್ತಿರುವಾಗಲೇ ನಾರ್ಬ್‌ನ ಟ್ರಕ್ಕು ಹೊರಟ ಸದ್ದು ಕೇಳಿಸಿತು.

ಹಾಲ್ವೆಗ್‌ನ ಕಡೆಯ ಹುಡುಗಿಯೊಬ್ಬಳು, ಕೆಲ್ಸಿ ಅಂತ, ಎರಡೂ ಕೈಯಲ್ಲಿ ಒಂದೊಂದು ಫೋನ್ ಹಿಡಿದುಕೊಂಡು ಓಡಿಬಂದಳು.

“ಮೇಡಂ, ಅದ್ಭುತ! ನಂಗೆ ಕಣ್ಣಲ್ಲಿ ನೀರೇ ಬಂತು. ಬಸ್ ಹತ್ರ ಒಂದೇ ಒಂದು ಫೋಟೋ ತಗೊಂಡು ಹುಟ್ಟು ವಾಪಸ್ ಕೊಡ್ತೀವಿ. ಒಂದೇ ನಿಮಿಷ.”

ಬಸ್ಸಿನ ಹತ್ತಿರ ಫೋಟೋ ತೆಗೆದರು. ಹಾಲ್ವೆಗ್ ಹತ್ತಿದ, ಹುಟ್ಟೂ ಹತ್ತಿತು. ಬಾಗಿಲು ಮುಚ್ಚಿತು. ಲೊರೇನ್ ಹುಲ್ಲಿನ ಮೇಲೆ ಕೈಬೀಸುತ್ತಾ ಓಡಿದಳು. ಒಳಗಿದ್ದವರು ಟಾಟಾ ಎಂದುಕೊಂಡು ತಾವೂ ಕೈಬೀಸಿದರು.

ತೊಳಸುವವರಿಲ್ಲದೆ, ತಳ ಮುಟ್ಟುವಷ್ಟು ಉದ್ದದ ಇನ್ನೊಂದು ಹುಟ್ಟೂ ಇಲ್ಲದೆ, ಕ್ಲೆಮ್‌ನ ಕೊಪ್ಪರಿಗೆ ಅರ್ಧ ಗಂಟೆಯಲ್ಲಿ ತಳ ಹಿಡಿಯಿತು. ಸೀದ ಬಟಾಣಿಯ ವಾಸನೆ ಚರ್ಚಿನೊಳಕ್ಕೂ ಹೋಯಿತು. ಜನ ಮೇಲಿನದನ್ನು ಬಡಿಸಿಕೊಂಡು, ಪರವಾಗಿಲ್ಲ, ಚೆನ್ನಾಗೇ ಇದೆ ಎನ್ನುತ್ತಾ ತಿಂದರು. ಲೊರೇನ್ ತಿನ್ನಲಿಲ್ಲ. ಎಲ್ಲರೂ ಹೋದ ಮೇಲೆ ಹೊಸ ಬಟ್ಟೆಯಲ್ಲೇ ಬಗ್ಗಿ ತಳದ ಕರಕಲನ್ನು ಸಲಿಕೆಯಲ್ಲಿ ಕೆರೆದಳು.

ಎರಡು ದಿನ ಬಿಟ್ಟು ಬರ್ನೀಸಳ ಫೋನ್.

“ಟಿ.ವಿ. ಹಾಕೇ ಬೇಗ! ನಮ್ಮೂರ ಹೆಸರು ಬರ್ತಿದೆ!”

ಯಾವುದೋ ದೂರದ ಊರಿನ ಸಭೆ. ಹಾಲ್ವೆಗ್ ಕ್ಲೆಮ್‌ನ ಹುಟ್ಟನ್ನು ತಲೆಯ ಮೇಲೆತ್ತಿ ಹಿಡಿದಿದ್ದ.

“ರಾಜಧಾನಿ ತಳ ಹಿಡಿದಿದೆ! ನಾನು ಹೋಗಿ ತೊಳಸ್ತೀನಿ! ಈ ಹುಟ್ಟು ನಂಗೆ ಕೊಟ್ಟಿದ್ದು ಯಾರು ಗೊತ್ತಾ? ಮಾರ್ಲೆ ಅನ್ನೋ ಪುಟ್ಟ ಊರಿನ ಒಬ್ಬ ವಿಧವೆ. ಅವರ ಯಜಮಾನರು ಪ್ರಾಣ ಬಿಡೋವಾಗ ಹೆಂಡತಿ ಕೈ ಹಿಡ್ಕೊಂಡು ಹೇಳಿದ್ರಂತೆ, ಇದನ್ನ ಕ್ರೇಗ್ ಹಾಲ್ವೆಗ್‌ಗೆ ಕೊಡು, ಈ ರಾಜ್ಯಾನ ಅವನೊಬ್ಬನೇ ಉಳಿಸೋದು ಅಂತ!”

ಸಭೆ ಹುಚ್ಚೆದ್ದು ಕೂಗಿತು. ಲೊರೇನ್ ನಿಂತಲ್ಲೇ ಕುರ್ಚಿ ಹಿಡಿದುಕೊಂಡಳು. ಅವಳ ಗಂಡನ ಬಾಯಿಗೆ, ಮಣ್ಣು ಸೇರಿ ಮೇಲೆ ಹುಲ್ಲು ಇನ್ನೂ ಸರಿಯಾಗಿ ಬೆಳೆಯದ ಆ ಬಾಯಿಗೆ, ಇವನು ತನ್ನ ಮಾತು ತುರುಕಿದ್ದ. ಉಗಿಯಬೇಕೆನಿಸಿತು. ಉಗಿದಳು ಕೂಡ, ಅಡುಗೆಮನೆಯ ತೊಟ್ಟಿಗೆ ಹೋಗಿ.

“ಎಷ್ಟ್ ಚೆನ್ನಾಗ್ ಹೇಳ್ದ ಅಲ್ವಾ?” ಎನ್ನುತ್ತಿದ್ದಳು ಫೋನಿನಲ್ಲಿ ಬರ್ನೀಸ್. “ಕ್ಲೆಮ್ ಅಂಥ ಮಾತು ಹೇಳಿದ್ದು ನಮಗೆ ಹೇಳ್ಲೇ ಇಲ್ಲ ನೀನು!”

“ಹೇಳಿಲ್ಲ ಕಣೇ ಅವನು! ಅವನ ಕಂಡ್ರೆ ಕ್ಲೆಮ್‌ಗೆ ಆಗ್ತಾನೇ ಇರ್ಲಿಲ್ಲ. ಅವನ ಹತ್ರ ಕೊಂಡ ದೋಣಿ ಸೋರ್ತಿತ್ತು!”

“ಇರ್ಲಿ ಬಿಡೇ, ಊರಿನ ಹೆಸರು ಬಂತಲ್ಲ.”

ಹಾಲ್ವೆಗ್‌ನ ಕಚೇರಿಗೆ ಫೋನ್ ಮಾಡಿದಳು. ಒಂದು ಸಲ ಸಂಗೀತ ಕೇಳಿಸಿದರು, ಇನ್ನೊಂದು ಸಲ ಚಂದಾ ಕೇಳಿದರು. ಮೂರನೆಯ ಸಲ ಕೆಲ್ಸಿ ಸಿಕ್ಕಿ, ಮತದಾನ ಮುಗಿಯಲಿ ಮೇಡಂ, ಖಂಡಿತ ಕಳಿಸ್ತೀವಿ ಎಂದಳು. ಅದೇ ಸಂಜೆ ಎದುರಾಳಿಯ ಕಡೆಯವನೊಬ್ಬ ಅವಳ ನಂಬರು ಎಲ್ಲಿಂದಲೋ ಹುಡುಕಿ ಫೋನ್ ಮಾಡಿದ. ಜೇನಿನಂಥ ದನಿ.

“ನಿಮಗಾದ ಅನ್ಯಾಯ ಕೇಳಿ ನಮಗೆ ನಿದ್ದೆ ಬಂದಿಲ್ಲ ಮೇಡಂ. ಹುಟ್ಟು ಕದ್ದ ಕಳ್ಳ ಅಂತ ಒಂದು ಜಾಹೀರಾತು ಮಾಡೋಣ. ನೀವು ಕೂತ್ಕೊಂಡು ನಡೆದದ್ದು ಹೇಳಿ ಸಾಕು. ಸ್ವಲ್ಪ ಅತ್ತರೆ ಒಳ್ಳೇದು.”

“ಹುಟ್ಟು ತರ್ಸಿ ಕೊಡ್ತೀರಾ?”

“ಅದು... ವಾಪಸ್ ಬಂದ್ಬಿಟ್ರೆ ಜಾಹೀರಾತಿಗೆ ಬಲ ಇರಲ್ಲ, ನೋಡಿ.”

ಲೊರೇನ್ ಫೋನ್ ಕುಕ್ಕಿದಳು. ಬಾಯಿಯೆಲ್ಲ ಕಹಿಯಾಗಿತ್ತು.

ಪಕ್ಷಗಳು ತಮ್ಮತಮ್ಮ ಅಭ್ಯರ್ಥಿಯನ್ನು ಆರಿಸುವ ಮತದಾನದ ದಿನ ಊರಿನ ಸಭಾಂಗಣಕ್ಕೆ ಹೋದಳು. ಗವರ್ನರನ ಹೆಸರುಗಳ ಮೇಲೆ ಮೇಲಿನಿಂದ ಕೆಳಗೆ ಕಣ್ಣಾಡಿಸಿದಳು. ಒಂದೊಂದಕ್ಕೂ ಒಂದೊಂದು ಮುಖ, ಒಂದೊಂದು ಮುಖಕ್ಕೂ ಒಂದು ಬಾಯಿ, ಬಾಯಿಗೊಂದು ನಾಲಿಗೆ. ಯಾವುದಕ್ಕೂ ಗುರುತು ಹಾಕದೆ ಚೀಟಿಯನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ ಬಂದಳು. ಹಾಲ್ವೆಗ್ ಗೆದ್ದ. ಮಾರ್ಲೆಯಲ್ಲಂತೂ ಬಾಚಿಕೊಂಡ. ಕೊಪ್ಪರಿಗೆ ತಳ ಹಿಡಿಸಿ ಹೋದವನಿಗೆ ಅದೇ ಕೊಪ್ಪರಿಗೆಯ ಜನ ಸಾಲುಸಾಲಾಗಿ ಹೋಗಿ ಮತ ಹಾಕಿ ಬಂದಿದ್ದರು. ಬರ್ನೀಸ್ ಹುಟ್ಟಿನ ಆಕಾರದ ಬಿಸ್ಕತ್ತು ಮಾಡಿ ಹಂಚಿದಳು. ಲೊರೇನಳಿಗೂ ಒಂದು ತಟ್ಟೆ ಬಂತು. ಅದನ್ನು ತೆಗೆದುಕೊಂಡುಹೋಗಿ ಕೋಳಿಗಳಿಗೆ ಹಾಕಿದಳು.

ಅದಾಗಿ ಮೂರು ನಾಲ್ಕು ದಿನಕ್ಕೆ ನಾರ್ಬ್‌ನ ಟ್ರಕ್ಕು ಅವಳ ಅಂಗಳಕ್ಕೆ ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ. ಇಳಿಯಲಿಲ್ಲ. ಕಿಟಕಿ ಇಳಿಸಿದ.

“ಹುಟ್ಟು ವಾಪಸ್ ಕೊಟ್ರಾ?”

“ಇಲ್ಲ.”

“ನಮ್ಮಜ್ಜ ಕೆತ್ತಿದ್ದು ಕಣೇ ಅದು. ಬಾ, ಹತ್ತು. ಹೋಗಿ ತರೋಣ. ನಾನು ಅವರ ಬೋರ್ಡ್ ಹಾಕಿರೋನು. ನನ್ನ ಮಾತು ಕೇಳ್ತಾರೆ.”

ಲೊರೇನ್ ಮೇಲಂಗಿಯನ್ನೂ ಹಾಕಿಕೊಳ್ಳದೆ ಹತ್ತಿದಳು. ದಾರಿಯುದ್ದಕ್ಕೂ ಅವಳು ಜೋಳದ ಬೆಳೆ, ಅವನು ರಸ್ತೆ ನೋಡುತ್ತಾ ಕೂತರು. ಹೇಳಿಬಿಡಲೇ ಎಂದು ಅವಳಿಗೆ ಎರಡು ಮೂರು ಸಲ ಅನಿಸಿತು. ಹುಟ್ಟು ಸಿಕ್ಕಿಬಿಡಲಿ, ಅವನ ಕೈಯಲ್ಲಿ ಇಟ್ಟೇ ಹೇಳುತ್ತೇನೆ ಎಂದುಕೊಂಡಳು.

“ಅಲ್ಲ, ಕ್ಲೆಮ್ ಅವನಿಗೆ ಯಾಕೆ ಕೊಡು ಅಂದ?” ಎಂದ ನಾರ್ಬ್, ರಸ್ತೆಯ ಮೇಲಿನ ಕಣ್ಣು ತೆಗೆಯದೆ. “ನನ್ನ ಹೊಟ್ಟೆ ಉರಿಸೋಕಾ?”

“ಅದೆಲ್ಲ ಸುಳ್ಳು ಕಣೋ. ಹೇಳ್ತೀನಿ ಇರು. ಮೊದಲು ಹುಟ್ಟು ಸಿಗ್ಲಿ.”

ಗ್ರೀನ್ ಬೇ ಪಟ್ಟಣದಲ್ಲಿ ಹಾಲ್ವೆಗ್‌ನ ಕಚೇರಿ ಮೊದಲು ಹಾಸಿಗೆ ಮಾರುತ್ತಿದ್ದ ಅಂಗಡಿಯಲ್ಲಿತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಗೋಡೆಗೆ ಒರಗಿಸಿ ಹುಟ್ಟುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಎಲ್ಲ ಒಂದೇ ಅಳತೆ, ಎಲ್ಲದಕ್ಕೂ ನೀಲಿ ಬಣ್ಣ, ಎಲ್ಲದರ ಮೇಲೂ ಬಿಳಿ ನಕ್ಷತ್ರ, ಹಾಲ್ವೆಗ್‌ನ ಹೆಸರು. ಮೇಜಿನ ಮೇಲಿದ್ದ ಒಂದಕ್ಕೆ ಯಾರೋ ಪ್ಲಾಸ್ಟಿಕ್ ಸುತ್ತುತ್ತಿದ್ದರು.

“ಓ, ನೀವು!” ಎಂದು ಕೆಲ್ಸಿ ಓಡಿಬಂದು ತಬ್ಬಿಕೊಂಡಳು. “ನೋಡಿ ಮೇಡಂ, ನಿಮ್ಮಿಂದ ಎಷ್ಟಾಯ್ತು! ದೊಡ್ಡ ಚಂದಾ ಕೊಟ್ಟೋರಿಗೆಲ್ಲ ಒಂದೊಂದು. ಕ್ರೇಗ್ ಅವರೇ ಸಹಿ ಹಾಕ್ತಾರೆ.”

“ನಂದು ಎಲ್ಲಿ?”

“ನಿಮ್ಮದು...” ಕೆಲ್ಸಿ ಒಳಗೆ ತಿರುಗಿ ಯಾರನ್ನೋ ಕೇಳಿದಳು. ಒಳಗಿನಿಂದ ನಗು, ಏನೋ ಉತ್ತರ. “ಅದನ್ನ ಶಿಕಾಗೋದಲ್ಲಿ ಒಬ್ಬ ದೊಡ್ಡೋರಿಗೆ ಕೊಟ್ರಂತೆ ಮೇಡಂ. ಅವರೇ ಕೇಳಿದ್ರಂತೆ, ಅಸಲೀದೇ ಬೇಕು ಅಂತ. ಈಗ ಅವರ ಊಟದ ಮನೆ ಗೋಡೆ ಮೇಲಿದೆ. ಎಷ್ಟು ಗೌರವ ನೋಡಿ! ನೀವು ಇದ್ರಲ್ಲಿ ಒಂದು ತಗೊಳ್ಳಿ. ಅಂಕಲ್, ನೀವೂ ಒಂದು ತಗೊಳ್ಳಿ.”

ನಾರ್ಬ್ ಮುಂದೆ ಬಂದ. ಎದೆ ಸೆಟೆಸಿ ನಿಂತ.

“ನಾನು ನಾರ್ಬ್ ಡೆಲ್ಫಾಸ್. ಮಾರ್ಲೆ. ಹೈವೇ ಪಕ್ಕದ ದೊಡ್ಡ ಬೋರ್ಡು.”

“ಹೌದಾ ಅಂಕಲ್? ಥ್ಯಾಂಕ್ಯೂ!” ಎಂದು ಕೆಲ್ಸಿ ಅವನ ಎದೆಗೆ ದುಂಡನೆಯ ಸ್ಟಿಕ್ಕರೊಂದನ್ನು ಅಂಟಿಸಿ, ಮೊಳಗುತ್ತಿದ್ದ ಫೋನ್ ಎತ್ತಿಕೊಂಡು ಅತ್ತ ಹೋದಳು.

ಅವನು ಅಲ್ಲೇ ನಿಂತಿದ್ದ. ಒಂದು ನೀಲಿ ಹುಟ್ಟನ್ನು ಕೈಗೆತ್ತಿಕೊಂಡು ತೂಗಿ ನೋಡಿ ಇಟ್ಟ. ಹಗುರ ಮರ, ಬಿಸಿ ಬೂಯಾಕ್ಕೆ ಇಳಿಸಿದರೆ ಬಣ್ಣವೆಲ್ಲ ಬಿಟ್ಟುಕೊಳ್ಳುವಂಥದ್ದು. ಇಬ್ಬರೂ ಬರಿಗೈಯಲ್ಲಿ ಹೊರಗೆ ಬಂದರು.

ಟ್ರಕ್ಕಿನ ಬಳಿ ಬಂದ ಮೇಲೆ ಲೊರೇನಳಿಗೆ ತಡೆದುಕೊಳ್ಳಲಾಗಲಿಲ್ಲ.

“ಅದು ನಿಂದು ಕಣೋ. ನಿನಗೇ ಕೊಡು ಅಂದಿದ್ದ ಕ್ಲೆಮ್. ಆವತ್ತು ನಿನ್ನ ಕೈಗೆ ಕೊಡೋಕೇ ಚಾಚಿದ್ದೆ. ಅಷ್ಟರಲ್ಲಿ ಆ ದರಿದ್ರದವನು ಬಂದ. ಸಿಟ್ಟಿಲ್ಲ ಅಂತ ಹೇಳು ನಾರ್ಬ್‌ಗೆ, ಅಂದಿದ್ದ. ಸಗಣಿ ಹಾಕಿದ್ದು ಮಾತ್ರ ಚೆನ್ನಾಗಿತ್ತು ಅಂತ ನಕ್ಕಿದ್ದ.”

ನಾರ್ಬ್ ಬಾಗಿಲ ಮೇಲೆ ಕೈ ಇಟ್ಟವನು ಹಾಗೆಯೇ ನಿಂತ. ಮುಖ ಅರಳಿತು, ಒಂದು ಕ್ಷಣ ನಗುವಂತಾದ. ಆಮೇಲೆ ಕೇಳಿದ.

“ಯಾವಾಗ ಹೇಳಿದ್ದು?”

“ಆಸ್ಪತ್ರೇಲಿ. ಕೊನೇ ವಾರ.”

“ಏಪ್ರಿಲ್‌ನಲ್ಲಾ?”

“ಹೂಂ.”

“ಆವಾಗ ಬದುಕಿದ್ದ ಅವನು.”

ಲೊರೇನ್ ಟ್ರಕ್ಕಿಗೆ ಒರಗಿಕೊಂಡಳು.

“ಆಸ್ಪತ್ರೆ ಕೆಳಗಡೆವರೆಗೂ ಬಂದಿದ್ದೆ ನಾನು,” ಎಂದ ನಾರ್ಬ್. “ಎರಡು ಸಲ. ಟ್ರಕ್ಕಲ್ಲೇ ಕೂತಿದ್ದು ವಾಪಸ್ ಹೋದೆ. ಮೇಲೆ ಬಂದ್ರೆ ಅವನಿಗೆ ಸಿಟ್ಟು ಬರುತ್ತೆ, ಕೊನೇಗಾಲದಲ್ಲಿ ಬೇಡ ಅಂತ. ಪೆಟ್ಟಿಗೆ ಹತ್ರಾನೂ ಬರ್ಲಿಲ್ಲ.”

“ಎಲ್ಲರ ಎದುರು ಕೊಡೋಣ ಅಂತಿದ್ದೆ ಕಣೋ. ಹಬ್ಬದ ದಿನ. ಊರೆಲ್ಲ ನೋಡ್ಲಿ ಅಂತ...”

ಹೇಳುತ್ತಿದ್ದಂತೆಯೇ ಆ ಮಾತು ಅವಳ ಕಿವಿಗೆ ಬಿತ್ತು. ಕಚೇರಿಯ ಕಿಟಕಿಗೆ ಅಂಟಿಸಿದ ಚಿತ್ರದಲ್ಲಿ ಹಾಲ್ವೆಗ್ ಎಲ್ಲ ಹಲ್ಲು ತೋರಿಸುತ್ತಿದ್ದ. ಬೇಸಿಗೆಯೆಲ್ಲ ಊರವರ ಮೇಲೆ, ಬಸ್ಸಿನ ಮೇಲೆ, ಟಿ.ವಿ.ಯ ಮೇಲೆ ಉಗಿದದ್ದೆಲ್ಲ ತಿರುಗಿ ತನ್ನ ಬಾಯಿಗೇ ಬಂದಂತಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸಾಯುವವನು ಹೇಳಿದ ಮಾತನ್ನು ಅವಳೂ ಒಂದು ಸಭೆಗಾಗಿ ಎತ್ತಿಟ್ಟುಕೊಂಡಿದ್ದಳು.

ನಾರ್ಬ್ ಎದೆಯ ಮೇಲಿನ ಸ್ಟಿಕ್ಕರನ್ನು ಕಿತ್ತ. ಅದು ಬೆರಳಿಗೆ ಅಂಟಿಕೊಂಡಿತು. ಬಿಡಿಸಲು ನೋಡಿದ, ಇನ್ನೊಂದು ಬೆರಳಿಗೆ ಅಂಟಿತು.

“ನಂಗೆ ಹುಟ್ಟು ಬೇಕಿರ್ಲಿಲ್ಲ ಲೊರೇನ್,” ಎಂದ. “ಬೇಲಿ ಹತ್ರ ಬಂದು ಒಂದು ಕೂಗು ಹಾಕಿದ್ರೆ ಸಾಕಿತ್ತು. ಆಸ್ಪತ್ರೆ ಮೆಟ್ಟಿಲು ಹತ್ತಿ ಮೇಲೆ ಬರ್ತಿದ್ದೆ.”

ಅವಳ ಕಡೆಯ ಬಾಗಿಲು ತೆಗೆದ. ಅವಳು ಹತ್ತುವವರೆಗೆ ಹಿಡಿದುಕೊಂಡಿದ್ದ.